ಗ್ರೀಕರು, ಬಲ್ಗೇರಿಯನ್ನರು ಮತ್ತೆ ಒಂದು ಹಳೇ ದಾಯಾದಿ ಜಗಳ

ಗ್ರೀಕರಿಗೂ ಬಲ್ಗೇರಿಯನ್ನರಿಗೂ ಏನ್ ಸಂಬಂಧ ಅಂತ ಕೇಳಿದ್ರೆ ಪುಸ್ತಕದ ಉತ್ತರ ಸುಲಭ. ಒಬ್ರು ಗ್ರೀಕ್ ಮಾತಾಡೋರು, ಇನ್ನೊಬ್ರು ಸ್ಲಾವಿಕ್ ಭಾಷೆಯವ್ರು, ಇಬ್ರೂ ಆರ್ಥೊಡಾಕ್ಸ್ ಕ್ರೈಸ್ತರು, ಅಕ್ಕಪಕ್ಕದ ದೇಶ, ಸಾವಿರ ವರ್ಷದಿಂದ ಹೊಡೆದಾಟ, ಮುಗೀತು. ನಂಗೂ ಮೊದ್ಲು ಇಷ್ಟೇ ಗೊತ್ತಿದ್ದಿದ್ದು. ಆಮೇಲೆ ಬಾಲ್ಕನ್ ಜಾನಪದ ಸಂಗೀತದ ಹುಚ್ಚು ಹಿಡೀತು, ಅದರ ಬೆನ್ನು ಹತ್ತಿ ಇತಿಹಾಸ ಓದ್ತಾ ಓದ್ತಾ ಅನ್ಸಿದ್ದೇನಂದ್ರೆ ಇವ್ರದ್ದು ಪರಕೀಯರ ಜಗಳ ಅಲ್ವೇ ಅಲ್ಲ, ಪಕ್ಕಾ ದಾಯಾದಿ ಜಗಳ. ಒಂದೇ ಅಂಗಳದಲ್ಲಿ ಬೆಳೆದು, ಭಾಗ ಆಗೋ ಟೈಮಲ್ಲಿ ತಲೆ ಒಡ್ಕೊಂಡು, ಭಾಗ ಆದ್ಮೇಲೆ "ನಮ್ಗೂ ಅವ್ರಿಗೂ ಯಾವತ್ತೂ ಏನೂ ಇರ್ಲಿಲ್ಲ" ಅಂತ ಇಬ್ರೂ ಸಾಧಿಸ್ತಾರಲ್ಲ, ಆ ಥರದ್ದು.

ಇದಕ್ಕೆ ನಂಗೆ ಸಿಕ್ಕಿದ ಅತೀ ಒಳ್ಳೆ ಉದಾಹರಣೆ ಸ್ಟ್ರಾಂಜಾ ಅನ್ನೋ ಬೆಟ್ಟದ ಸೀಮೆಯದ್ದು. ಬಲ್ಗೇರಿಯಾದ ಆಗ್ನೇಯ ಮೂಲೇಲಿದೆ, ಒಂದು ಕಡೆ ಕಪ್ಪು ಸಮುದ್ರ, ಇನ್ನೊಂದು ಕಡೆ ಟರ್ಕಿ ಗಡಿ, ಮಧ್ಯ ಪೂರ್ತಿ ಓಕ್ ಕಾಡು. ಅಲ್ಲಿ ಬಲ್ಗಾರಿ ಅಂತ ಒಂದು ಪುಟ್ಟ ಹಳ್ಳಿ. ಸಂತ ಕಾನ್‌ಸ್ಟಂಟೈನ್ ಮತ್ತೆ ಅವನ ತಾಯಿ ಸಂತ ಹೆಲೆನಾ ಹಬ್ಬಕ್ಕೆ, ಅಂದ್ರೆ ಹಳೇ ಕ್ಯಾಲೆಂಡರ್ ಲೆಕ್ಕದಲ್ಲಿ ಜೂನ್ 3ಕ್ಕೆ, ಅಲ್ಲಿ ಕೆಂಡ ಹಾಯ್ತಾರೆ. ಹಗಲು ಐಕಾನ್‌ಗಳನ್ನ ಅಂದ್ರೆ ಸಂತರ ಚಿತ್ರಪಟಗಳನ್ನ ಹೊತ್ಕೊಂಡು ಮೆರವಣಿಗೇಲಿ ನೀರಿನ ಬುಗ್ಗೆ ಹತ್ರ ಹೋಗೋದು, ಕತ್ತಲಾದ್ಮೇಲೆ ದೊಡ್ಡ ಬೆಂಕಿಯ ಕೆಂಡ ಹರಡೋದು, ಡೋಲು ಮತ್ತು ಗೈದಾ (ಆಡಿನ ಚರ್ಮದ ಚೀಲಕ್ಕೆ ಗಾಳಿ ತುಂಬಿ ಊದೋ ವಾದ್ಯ) ಬಾರಿಸ್ತಾ ಇರೋ ಹಾಗೇ ಬರಿಗಾಲಲ್ಲಿ ಐಕಾನ್ ಎತ್ತಿ ಹಿಡ್ಕೊಂಡು ಕೆಂಡದ ಮೇಲೆ ಕುಣಿಯೋದು. ಕೆಂಡ ಹಾಯೋರಿಗೆ ನೆಸ್ತಿನಾರಿ ಅಂತಾರೆ. 2009ರಲ್ಲಿ ಯುನೆಸ್ಕೋ ಪಟ್ಟಿಗೆ ಇದು ಸೇರ್ತು, ಬಲ್ಗೇರಿಯಾದ ಹೆಸರಲ್ಲಿ.

ಈಗ ಗಡಿ ದಾಟಿ ಗ್ರೀಸ್‌ಗೆ ಬನ್ನಿ. ಸೆರೆಸ್ ಹತ್ರ ಆಗಿಯಾ ಎಲೆನಿ ಅಂತ ಹಳ್ಳಿ, ಥೆಸಲೊನೀಕಿ ಹತ್ರ ಲಾಂಗದಾಸ್ ಅಂತ ಇನ್ನೊಂದು ಊರು. ಮೇ 21ಕ್ಕೆ ಅದೇ ಸಂತರು, ಅದೇ ಕೆಂಡ, ಅದೇ ಐಕಾನ್ ಹಿಡ್ಕೊಂಡು ಕುಣಿಯೋದು. ಇಲ್ಲಿ ಗೈದಾ ಬದ್ಲು ಲೀರಾ ಅನ್ನೋ ತಂತಿವಾದ್ಯ ಇರತ್ತೆ, ಜೊತೆಗೆ ದೊಡ್ಡ ಡೋಲು. ಇದಕ್ಕೆ ಅವ್ರು ಅನಸ್ತೆನಾರಿಯಾ ಅಂತಾರೆ. ತಾರೀಕಿನ ಹದಿಮೂರು ದಿನದ ವ್ಯತ್ಯಾಸ ಏನು ಅಂದ್ರೆ ಬರೀ ಹಳೇ ಕ್ಯಾಲೆಂಡರ್ ಹೊಸ ಕ್ಯಾಲೆಂಡರ್ ಲೆಕ್ಕ, ಹಬ್ಬ ಒಂದೇ.

ಎರಡೂ ಕಡೆ ಒಂದೇ ಥರ ಹೇಗೆ ಬಂತು ಅಂತ ತಲೆ ಕೆಡಿಸ್ಕೊಳ್ಳೋದೇ ಬೇಡ. ಆಗಿಯಾ ಎಲೆನಿಯಲ್ಲಿ ಕೆಂಡ ಹಾಯೋ ಮನೆತನಗಳು ಮೂಲದಲ್ಲಿ ಕೋಸ್ತಿ ಅನ್ನೋ ಹಳ್ಳಿಯವ್ರು, ಕೋಸ್ತಿ ಇರೋದು ಸ್ಟ್ರಾಂಜಾದಲ್ಲಿ, ಬಲ್ಗಾರಿ ಹಳ್ಳಿಗೆ ನೆರೆ ಊರು! ಬಾಲ್ಕನ್ ಯುದ್ಧಗಳ (1912-13) ಟೈಮಲ್ಲಿ ಅಲ್ಲಿನ ಗ್ರೀಕರು ಊರು ಬಿಟ್ಟು ಓಡ್ಬೇಕಾಯ್ತು, ಐಕಾನ್‌ಗಳನ್ನ ಬಟ್ಟೇಲಿ ಸುತ್ಕೊಂಡು ಹೊತ್ಕೊಂಡು ಹೋದ್ರು, ಎಲ್ಲೆಲ್ಲೋ ಅಲೆದು ಕೊನೆಗೆ ಗ್ರೀಕ್ ಮ್ಯಾಸಿಡೋನಿಯಾದ ಹಳ್ಳಿಗಳಲ್ಲಿ ನೆಲೆ ನಿಂತ್ರು. ಅವರ ಕಥೆ ಪ್ರಕಾರ ಕೋಸ್ತಿಯ ಚರ್ಚಿಗೆ ಒಮ್ಮೆ ಬೆಂಕಿ ಬಿತ್ತು, ಒಳಗಿಂದ ಐಕಾನ್‌ಗಳು ಅಳೋದು ಕೇಳಿಸ್ತು, ಊರಿನವ್ರು ನುಗ್ಗಿ ಹೊರಗೆ ತಂದ್ರು, ಯಾರಿಗೂ ಒಂದು ಬೊಬ್ಬೆ ಕೂಡ ಏಳ್ಲಿಲ್ಲ, ಅವತ್ತಿಂದ ಈ ಆಚರಣೆ. ಊರು ಬಿಡೋಕೆ ಮುಂಚೆ ಸುತ್ತಮುತ್ತಲ ಗ್ರೀಕ್ ಹಳ್ಳಿ, ಬಲ್ಗೇರಿಯನ್ ಹಳ್ಳಿ ಎರಡರವ್ರೂ ತಮ್ಮ ತಮ್ಮ ಐಕಾನ್ ಹೊತ್ಕೊಂಡು ಕಾಡಲ್ಲಿ ಒಂದು ಕಡೆ ಸೇರ್ತಿದ್ರು. ಹಬ್ಬ ಯಾರದ್ದು ಅನ್ನೋ ಪ್ರಶ್ನೆ ಆವಾಗ ಯಾರ ತಲೆಗೂ ಬಂದಿರ್ಲಿಕ್ಕಿಲ್ಲ.

ಆಮೇಲೆ ಬಂತು ನೋಡಿ. ಗ್ರೀಸ್‌ನಲ್ಲಿ ಕೆಲವ್ರು ಇದು ಡಯೊನೈಸಸ್ ಅನ್ನೋ ಹಳೇ ಗ್ರೀಕ್ ಮದ್ಯದೇವರ ಪೂಜೆಯ ಉಳಿಕೆ, ಹಾಗಾಗಿ ಪ್ರಾಚೀನ ಗ್ರೀಕ್ ಅಂದ್ರು. ಬಲ್ಗೇರಿಯಾದಲ್ಲಿ ಇದು ಥ್ರೇಸಿಯನ್ನರ (ಸ್ಲಾವರು ಬರೋಕೆ ಮುಂಚೆ ಅಲ್ಲಿದ್ದ ಪ್ರಾಚೀನ ಜನ) ಸೂರ್ಯಪೂಜೆ ಅಂದ್ರು. ಗ್ರೀಕ್ ಚರ್ಚು ಇದು ಕ್ರೈಸ್ತ ಧರ್ಮವೇ ಅಲ್ಲ ಅಂತ ಬೈತು, ಬಲ್ಗೇರಿಯಾದ ಕಮ್ಯುನಿಸ್ಟ್ ಸರ್ಕಾರ ಮೂಢನಂಬಿಕೆ ಅಂತ ಅಮುಕಿ ಕೊನೆಗೆ ಸಮುದ್ರ ತೀರದ ಟೂರಿಸ್ಟ್‌ಗಳಿಗೆ ಶೋ ಮಾಡಿ ಮಾರ್ತು. ಕೆಂಡ ಹಾಯೋರನ್ನ ಕೇಳಿದ್ರೆ ಮಾತ್ರ ಸಂತ ಕರೀತಾನೆ, ನಾವು ಹೋಗ್ತೀವಿ ಅಂತಾರೆ, ಅಷ್ಟೇ.

ಸ್ವಲ್ಪ ಹಿಂದಕ್ಕೆ ಹೋಗೋಣ, ಬೇಗ ಬೇಗ. ಬಲ್ಗೇರಿಯನ್ನರು ಬರೋಕೆ ಸಾವಿರ ವರ್ಷ ಮುಂಚೆನೇ ಆ ಕಪ್ಪು ಸಮುದ್ರದ ತೀರದಲ್ಲಿ ಗ್ರೀಕ್ ವಸಾಹತುಗಳಿದ್ವು, ಇವತ್ತಿನ ಸೊಜೊಪೊಲ್ ಅಂದ್ರೆ ಅಪೊಲೋನಿಯಾ, ನೆಸೆಬರ್ ಅಂದ್ರೆ ಮೆಸೆಂಬ್ರಿಯಾ, ವಾರ್ನಾ ಅಂದ್ರೆ ಒಡೆಸ್ಸೋಸ್. ಒಳನಾಡಿನ ಪ್ಲೊವ್ಡಿವ್ ಅಲೆಕ್ಸಾಂಡರನ ಅಪ್ಪ ಫಿಲಿಪ್ ಹೆಸರಿನ ಊರು. ಕ್ರಿ.ಶ. 680ರ ಸುಮಾರಿಗೆ ಡ್ಯಾನ್ಯೂಬ್ ನದಿ ದಾಟಿ ಬಂದ ಬಲ್ಗರ್ ಜನ ತುರ್ಕಿಕ್ ಮೂಲದವ್ರು (ಇವತ್ತಿನ ಟರ್ಕಿ ದೇಶದವ್ರಲ್ಲ), ಅಲ್ಲಿ ಆಗಲೇ ನೆಲೆಸಿದ್ದ ಸ್ಲಾವರ ಜೊತೆ ಬೆರೆತು ರಾಜ್ಯ ಕಟ್ಟಿದ್ರು. ದೊರೆ ಬೋರಿಸ್ 860ರ ದಶಕದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ (ಇವತ್ತಿನ ಇಸ್ತಾಂಬುಲ್, ಆಗ ಗ್ರೀಕ್ ಮಾತಾಡೋ ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ) ಕ್ರೈಸ್ತ ದೀಕ್ಷೆ ತಗೊಂಡು ಬೈಜಾಂಟೈನ್ ಚಕ್ರವರ್ತಿಯ ಹೆಸರನ್ನೇ, ಮೈಕೆಲ್ ಅಂತ, ಇಟ್ಕೊಂಡ. ಮಗ ಸಿಮಿಯೋನ್ ಓದಿದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅವನನ್ನ ಜನ ಅರ್ಧ ಗ್ರೀಕ ಅಂತಾನೇ ಕರೀತಿದ್ರಂತೆ, ಆ ಅರ್ಧ ಗ್ರೀಕನೇ ಮುಂದೆ ಬೈಜಾಂಟೈನ್ ಸೈನ್ಯಕ್ಕೆ ಹಿಗ್ಗಾಮುಗ್ಗಾ ಹೊಡೆದಿದ್ದು. ಅವನ ಮಗ ಪೀಟರ್ 927ರಲ್ಲಿ ಚಕ್ರವರ್ತಿಯ ಮೊಮ್ಮಗಳನ್ನೇ ಮದ್ವೆ ಆದ. ಇನ್ನು 1014ರಲ್ಲಿ ಬೈಜಾಂಟೈನ್ ಚಕ್ರವರ್ತಿ ಎರಡನೇ ಬೇಸಿಲ್ ಸಾವಿರಾರು ಬಲ್ಗೇರಿಯನ್ ಸೈನಿಕರ ಕಣ್ಣು ಕೀಳಿಸಿದ ಕಥೆ ಎಲ್ರೂ ಹೇಳ್ತಾರೆ (ಹದಿನಾಲ್ಕು ಹದಿನೈದು ಸಾವಿರ ಅನ್ನೋ ಸಂಖ್ಯೆಯನ್ನ ಇತಿಹಾಸಕಾರರು ಪೂರ್ತಿ ನಂಬಲ್ಲ), ಆದ್ರೆ ಬೇಸಿಲ್‌ಗೆ "ಬಲ್ಗೇರಿಯನ್ನರನ್ನ ಕೊಂದವನು" ಅನ್ನೋ ಬಿರುದು ಗಟ್ಟಿಯಾಗಿದ್ದು ಅವನು ಸತ್ತು ಎಷ್ಟೋ ಕಾಲ ಆದ್ಮೇಲೆ, ಮತ್ತೆ ಅದನ್ನ ದೊಡ್ಡದಾಗಿ ಮೆರೆಸಿದ್ದು ಇಪ್ಪತ್ತನೇ ಶತಮಾನದ ಶುರುವಿನಲ್ಲಿ, ಆಗ ತುರ್ಕರ ಕೈಲಿದ್ದ ಮ್ಯಾಸಿಡೋನಿಯಾ ಸೀಮೆಗೆ ಇಬ್ರೂ ಕಿತ್ತಾಡ್ತಿದ್ದ ಕಾಲದಲ್ಲಿ. ಹಳೇ ಗಾಯನ ಬೇಕಾದಾಗ ಕೆರ್ಕೊಳ್ಳೋದು ಅಂದ್ರೆ ಇದೇ.

ಲಿಪಿ ವಿಷಯ ಬಂದ್ರಂತೂ ಇಬ್ರೂ ಬಿಸಿ ಆಗ್ಬಿಡ್ತಾರೆ. ಸಿರಿಲ್ ಮತ್ತು ಮೆಥೋಡಿಯಸ್ ಅಣ್ಣತಮ್ಮಂದಿರು ಥೆಸಲೊನೀಕಿಯವ್ರು. ಸ್ಲಾವ್ ಭಾಷೆಗೆ ಮೊದಲ ಲಿಪಿ ಮಾಡಿದ್ದು ಅವ್ರು, ಅದು ಗ್ಲಾಗೊಲಿಟಿಕ್. ಇವತ್ತಿನ ಸಿರಿಲಿಕ್ ಹುಟ್ಟಿದ್ದು ಸ್ವಲ್ಪ ಆಮೇಲೆ, ಬಲ್ಗೇರಿಯಾದಲ್ಲಿ, ಅವರ ಶಿಷ್ಯರ ಕಾಲಕ್ಕೆ, ಅದರಲ್ಲಿ ಹೆಚ್ಚಿನ ಅಕ್ಷರಗಳು ಗ್ರೀಕಿನಿಂದ ಬಂದಿದ್ದು, ಗ್ರೀಕಲ್ಲಿ ಇಲ್ಲದ ಸದ್ದುಗಳಿಗೆ ಮಾತ್ರ ಬೇರೆ ಅಕ್ಷರ ಸೇರಿಸಿದ್ರು. ಆ ಅಣ್ಣತಮ್ಮಂದಿರು ಗ್ರೀಕರಾ ಸ್ಲಾವರಾ ಅಂತ ಇವತ್ತಿಗೂ ವಾದ. ಮೆಥೋಡಿಯಸ್‌ನ ಹಳೇ ಜೀವನಚರಿತ್ರೇಲಿ ಚಕ್ರವರ್ತಿ ಒಂದು ಮಾತು ಹೇಳ್ತಾನೆ, ನೀವಿಬ್ರೂ ಥೆಸಲೊನೀಕಿಯವ್ರು, ಥೆಸಲೊನೀಕಿಯವ್ರೆಲ್ಲಾ ಸ್ಲಾವ್ ಭಾಷೆ ಚೆನ್ನಾಗಿ ಮಾತಾಡ್ತಾರಲ್ಲ, ನೀವೇ ಹೋಗಿ ಅಂತ. ನಂಗೆ ಇದೊಂದು ಮಾತು ಸಾಕು. ಆ ಊರಿನ ಬೀದೀಲಿ ಎರಡೂ ಭಾಷೆ ಓಡಾಡ್ತಿತ್ತು, ಮಕ್ಕಳು ಎರಡೂ ಕಲೀತಿದ್ರು, ಅವರ ತಾಯಿ ಯಾವ ಕುಲ ಅಂತ ಸಾವಿರದ ಇನ್ನೂರು ವರ್ಷ ಆದ್ಮೇಲೆ ನಾವು ಯಾಕೆ ಜಾತಕ ತೆಗೀಬೇಕು?

ಅಸಲಿ ಬಿರುಕು ಬಿಟ್ಟಿದ್ದು ಬಹಳ ಆಮೇಲೆ. ಆಟೋಮನ್ ತುರ್ಕರ ಆಳ್ವಿಕೇಲಿ ಆರ್ಥೊಡಾಕ್ಸ್ ಜನ ಎಲ್ರೂ ಒಂದೇ ಗುಂಪು, ರೂಮ್ ಮಿಲ್ಲೆತ್ ಅಂತ, ತಲೆ ಮೇಲೆ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ (ಆರ್ಥೊಡಾಕ್ಸ್ ಚರ್ಚಿನ ಹಿರಿಯ ಧರ್ಮಗುರು). ಚರ್ಚು, ಶಾಲೆ, ವ್ಯಾಪಾರ ಎಲ್ಲದಕ್ಕೂ ಗ್ರೀಕ್ ಬೇಕಿತ್ತು. ಹಳ್ಳಿಯ ಬಲ್ಗೇರಿಯನ್ ಹುಡುಗ ಪೇಟೆಗೆ ಬಂದು ನಾಲ್ಕು ಕಾಸು ಮಾಡಿದ್ರೆ ಗ್ರೀಕ್ ಮಾತಾಡ್ತಿದ್ದ, ಅವನ ಮೊಮ್ಮಕ್ಕಳು ಗ್ರೀಕರೇ ಆಗ್ಬಿಡ್ತಿದ್ರು. ಪ್ಲೊವ್ಡಿವ್‌ನಲ್ಲಿ ಇಂಥವ್ರಿಗೆ ಗುದಿಲಾ ಅಂತ ಒಂದು ಬೈಗುಳವೇ ಇತ್ತು. 1762ರಲ್ಲಿ ಪೈಸಿ ಅನ್ನೋ ಸನ್ಯಾಸಿ, ಗ್ರೀಕ್ ನೆಲದಲ್ಲಿರೋ ಆಥೋಸ್ ಬೆಟ್ಟದ ಮಠದಲ್ಲಿ ಕೂತು, ಬಲ್ಗೇರಿಯನ್ನರ ಇತಿಹಾಸ ಬರೆದು, ನಿನ್ನ ಕುಲ ಹೇಳ್ಕೊಳ್ಳೋಕೆ ಯಾಕೋ ನಾಚಿಕೆ ಅಂತ ಝಾಡಿಸಿದ್ದು ಇಂಥವ್ರನ್ನೇ. ಆಥೋಸ್‌ನಲ್ಲಿ ಬಲ್ಗೇರಿಯನ್ನರ ಜೊಗ್ರಾಫ್ ಮಠ ಇವತ್ತಿಗೂ ಇದೆ, ಸುತ್ತ ಗ್ರೀಕ್ ಮಠಗಳ ಮಧ್ಯೆ.

ಮಜಾ ಏನಂದ್ರೆ ಬಲ್ಗೇರಿಯನ್ ಪುನರುತ್ಥಾನದ, ಅಂದ್ರೆ ರಾಷ್ಟ್ರೀಯ ಜಾಗೃತಿಯ, ದೊಡ್ಡ ಹೆಸರುಗಳಲ್ಲಿ ಎಷ್ಟೋ ಜನ ಗ್ರೀಕ್ ಶಾಲೆಯಲ್ಲೇ ಕಲಿತವ್ರು. ಗಬ್ರೊವೊದ ವಾಸಿಲ್ ಅಪ್ರಿಲೊವ್ ಮೊದ್ಲು ಗ್ರೀಕ್ ಪರವಾಗಿದ್ದ ವ್ಯಾಪಾರಿ, ಆಮೇಲೆ 1835ರಲ್ಲಿ ಹೊಸ ಮಾದರಿಯ ಬಲ್ಗೇರಿಯನ್ ಶಾಲೆ ಶುರು ಮಾಡಿಸಿದ. ಸ್ಟೆಫಾನ್ ಬೊಗೊರಿದಿ ಹುಟ್ಟಿನಿಂದ ಬಲ್ಗೇರಿಯನ್, ಬದುಕಿದ್ದು ಪೂರ್ತಿ ಗ್ರೀಕ್ ಶ್ರೀಮಂತನ ಥರ, ಆದ್ರೆ 1849ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಬಲ್ಗೇರಿಯನ್ ಚರ್ಚಿಗೆ ತನ್ನ ಮನೆಯನ್ನೇ ಬಿಟ್ಟುಕೊಟ್ಟ. ಉಲ್ಟಾನೂ ಇದೆ, 1821ರ ಗ್ರೀಕ್ ಸ್ವಾತಂತ್ರ್ಯ ಯುದ್ಧದಲ್ಲಿ ಹಾಜಿ ಕ್ರಿಸ್ಟೊ ಅನ್ನೋ ಬಲ್ಗೇರಿಯನ್ ದಂಡನಾಯಕ ಗ್ರೀಕರ ಪರ ಕಾದಾಡಿ ಹೆಸರು ಮಾಡಿದ.

ಆದ್ರೆ ನನ್ನ ಮನಸ್ಸಲ್ಲಿ ಉಳ್ಕೊಂಡಿರೋದು ಗ್ರಿಗೊರ್ ಪರ್ಲಿಚೆವ್. ಓಹ್ರಿಡ್ ಊರಿನವನು, ಅಥೆನ್ಸ್‌ನಲ್ಲಿ ಮೆಡಿಕಲ್ ಓದ್ತಿದ್ದ. 1860ರ ಕವಿತಾ ಸ್ಪರ್ಧೆಗೆ ಗ್ರೀಕಿನಲ್ಲಿ ಒಂದು ಉದ್ದದ ಕಾವ್ಯ ಕಳಿಸಿ ಮೊದಲ ಬಹುಮಾನ ಗೆದ್ದ, ಜನ ಎರಡನೇ ಹೋಮರ್ ಅಂದ್ರು, ಈ ಹುಡುಗ ನಿಜವಾಗ್ಲೂ ಇದನ್ನ ಬರೆದನಾ ಅಂತ ಅನುಮಾನನೂ ಪಟ್ರು. ಅಲ್ಲೇ ಇದ್ದಿದ್ರೆ ಗ್ರೀಕ್ ಸಾಹಿತ್ಯದ ದೊಡ್ಡ ಮನುಷ್ಯ ಆಗ್ತಿದ್ನೋ ಏನೋ. ಊರಿಗೆ ವಾಪಸ್ ಬಂದ, ಜಾನಪದ ಹಾಡು ಸಂಗ್ರಹಿಸಿದ್ದ ಮಿಲಾದಿನೊವ್ ಸೋದರರು 1862ರಲ್ಲಿ ಜೈಲಲ್ಲಿ ಸತ್ತಿದ್ದು ಅವನನ್ನ ಅಲ್ಲಾಡಿಸ್ತು, ಶಾಲೆ ಚರ್ಚುಗಳಲ್ಲಿ ಗ್ರೀಕ್ ತೆಗೆದು ಬಲ್ಗೇರಿಯನ್ ತರೋಕೆ ಓಡಾಡಿದ, ಜೈಲಿಗೂ ಹೋದ. ಆಮೇಲೆ ಹೋಮರನ ಇಲಿಯಡ್ ಕಾವ್ಯವನ್ನ ಬಲ್ಗೇರಿಯನ್‌ಗೆ ತರೋಕೆ ಹೋದ್ರೆ ನಿನ್ನ ಬಲ್ಗೇರಿಯನ್ನೇ ಸರಿಯಿಲ್ಲ ಅಂತ ವಿಮರ್ಶಕರು ಹರಿದು ಹಾಕಿದ್ರು! ಯಾವ ಭಾಷೇಲಿ ಚೆನ್ನಾಗಿ ಬರೀತಿದ್ನೋ ಅದರ ವಿರುದ್ಧ ಹೋರಾಡಿದ, ಯಾವುದಕ್ಕೋಸ್ಕರ ಹೋರಾಡಿದ್ನೋ ಅದು ಕೈಗೆ ಹತ್ಲಿಲ್ಲ. ಈಗ ಓಹ್ರಿಡ್ ಇರೋದು ಉತ್ತರ ಮ್ಯಾಸಿಡೋನಿಯಾದಲ್ಲಿ, ಅವ್ರೂ ಪರ್ಲಿಚೆವ್ ನಮ್ಮವ್ನು ಅಂತಾರೆ. ಪಾಪ.

1870ರಲ್ಲಿ ಸುಲ್ತಾನ ಬಲ್ಗೇರಿಯನ್ನರಿಗೆ ಪ್ರತ್ಯೇಕ ಚರ್ಚು ಕೊಟ್ಟ, ಎಕ್ಸಾರ್ಕೇಟ್ ಅಂತ. 1872ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಸಭೆ ಅವರನ್ನ ಧರ್ಮಬಾಹಿರ ಅಂತ ಸಾರಿಬಿಡ್ತು, ಜನಾಂಗದ ಹೆಸರಲ್ಲಿ ಚರ್ಚು ಒಡೆಯೋದು ತಪ್ಪು ಅನ್ನೋದು ಅವರ ವಾದ. ಆ ಬಹಿಷ್ಕಾರ ತೆಗೆದಿದ್ದು 1945ರಲ್ಲಿ! ಸುಲ್ತಾನನ ಆದೇಶದಲ್ಲಿ ಒಂದು ಕಲಂ ಇತ್ತು, ಯಾವ ಪ್ರದೇಶದಲ್ಲಿ ಮೂರನೇ ಎರಡು ಭಾಗ ಜನ ಬೇಕು ಅಂತಾರೋ ಅದು ಎಕ್ಸಾರ್ಕೇಟ್ ಸೇರ್ಬಹುದು ಅಂತ. ಈ ಒಂದು ಸಾಲು ಮ್ಯಾಸಿಡೋನಿಯಾದ ಹಳ್ಳಿ ಹಳ್ಳೀಲಿ ಬೆಂಕಿ ಹಚ್ತು. ಮನೇಲಿ ಸ್ಲಾವ್ ಮಾತು ಆಡೋನು ಪೇಟ್ರಿಯಾರ್ಕ್ ಕಡೆ ನಿಂತ್ರೆ ಗ್ರೀಕ, ಅವನ ತಮ್ಮ ಎಕ್ಸಾರ್ಕ್ ಕಡೆ ಹೋದ್ರೆ ಬಲ್ಗೇರಿಯನ್. ಆ ಕಾಲದ ಇಂಗ್ಲಿಷ್ ಪತ್ರಕರ್ತ ಬ್ರೇಲ್ಸ್‌ಫರ್ಡ್ ಬರ್ಕೊಂಡ ಪ್ರಕಾರ ಒಬ್ಬ ಫ್ರೆಂಚ್ ಕಾನ್ಸಲ್ ತಮಾಷೆಗೆ ಹೇಳಿದ್ನಂತೆ, ನಂಗೆ ಹತ್ತು ಲಕ್ಷ ಫ್ರಾಂಕ್ ಕೊಡಿ, ಇಡೀ ಮ್ಯಾಸಿಡೋನಿಯಾನ ಫ್ರೆಂಚ್ ಮಾಡ್ತೀನಿ ಅಂತ. ತಮಾಷೆ ತಮಾಷೆಯಾಗಿ ಉಳೀಲಿಲ್ಲ, 1904ರಿಂದ 1908ರ ತನಕ ಎರಡೂ ಕಡೆಯ ಬಂದೂಕಿನ ಗುಂಪುಗಳು ಪಾದ್ರಿಗಳನ್ನ, ಮೇಷ್ಟ್ರುಗಳನ್ನ ಹುಡುಕಿ ಹುಡುಕಿ ಕೊಂದ್ವು. ಅದಕ್ಕೆ ಸೇಡು ಅಂತ 1906ರಲ್ಲಿ ಬಲ್ಗೇರಿಯಾದ ಒಳಗಿದ್ದ ಗ್ರೀಕರ ಮೇಲೆ ಗಲಭೆ, ಅಂಕಿಯಾಲೋ ಅನ್ನೋ ಊರು (ಇವತ್ತಿನ ಪೊಮೊರಿಯೆ) ಸುಟ್ಟೋಯ್ತು, ಅಲ್ಲಿನವ್ರು ಗ್ರೀಸ್‌ಗೆ ಹೋಗಿ ವೊಲೋಸ್ ಹತ್ರ ನೆಯಾ ಅಂಕಿಯಾಲೋಸ್ ಅಂತ ಹೊಸ ಊರೇ ಕಟ್ಟಿದ್ರು.

1912ರಲ್ಲಿ ತುರ್ಕರ ವಿರುದ್ಧ ಇಬ್ರೂ ಒಂದೇ ಪಕ್ಷ, ಥೆಸಲೊನೀಕಿಗೆ ಗ್ರೀಕ್ ಸೈನ್ಯ ಮೊದ್ಲು ಹೊಕ್ತು, ಬಲ್ಗೇರಿಯನ್ ಸೈನ್ಯ ಅದರ ಬೆನ್ನಿಗೇ ಬಂತು, ಆ ಚೂರು ಟೈಮಲ್ಲಿ ಊರು ಕೈ ತಪ್ಪಿದ ಬೇಜಾರು ಬಲ್ಗೇರಿಯಾದ ರಾಜಧಾನಿ ಸೋಫಿಯಾಗೆ ಬಹಳ ಕಾಲ ಇತ್ತು. ಮುಂದಿನ ವರ್ಷ ಇಬ್ರೇ ಹೊಡೆದಾಡಿದ್ರು, ಕಿಲ್ಕಿಸ್ ಸುಟ್ಟೋಯ್ತು, ಅಲ್ಲಿನ ಬಲ್ಗೇರಿಯನ್ನರು ಬಡಗಲಿಗೆ ಓಡಿದ್ರು. ಮೆಲ್ನಿಕ್‌ನ ಗ್ರೀಕರು ಮನೆ ದ್ರಾಕ್ಷಿತೋಟ ಬಿಟ್ಟು ತೆಂಕಲಿಗೆ ಬಂದ್ರು. ಮೊದಲ ಮಹಾಯುದ್ಧ ಮುಗಿದ್ಮೇಲೆ 1919ರಲ್ಲಿ ಆದ ನುಯಿ ಒಪ್ಪಂದದ ಜೊತೆ "ಸ್ವಯಂಪ್ರೇರಿತ" ಜನ ವಿನಿಮಯ ಅಂತ ಒಂದು ಕಾಗದ ಮಾಡಿದ್ರು, ಸುಮಾರು 92,000 ಬಲ್ಗೇರಿಯನ್ನರು ಗ್ರೀಸ್ ಬಿಟ್ರು, ಸುಮಾರು 46,000 ಗ್ರೀಕರು ಬಲ್ಗೇರಿಯಾ ಬಿಟ್ರು. ಎಷ್ಟು ಸ್ವಯಂಪ್ರೇರಿತ ಅಂದ್ರೆ, 1922ರಲ್ಲಿ ಇವತ್ತಿನ ಟರ್ಕಿಯ ಏಷ್ಯಾ ಮೈನರ್‌ನಿಂದ ಓಡಿ ಬಂದ ಗ್ರೀಕ್ ನಿರಾಶ್ರಿತರನ್ನ ತಂದು ಬಲ್ಗೇರಿಯನ್ನರ ಮನೇಲೇ ಕೂರಿಸಿದ್ರು, ಆಮೇಲೆ ಅಲ್ಲಿ ಯಾರು ತಾನೇ ಇರ್ತಾರೆ. ಕವಿ ಕೋಸ್ತಾಸ್ ವಾರ್ನಾಲಿಸ್, ಗ್ರೀಕ್ ಎಡಪಂಥದ ದೊಡ್ಡ ಹೆಸರು, ಹುಟ್ಟಿದ್ದು 1884ರಲ್ಲಿ ಬುರ್ಗಾಸ್‌ನಲ್ಲಿ, ಓದಿದ್ದು ಪ್ಲೊವ್ಡಿವ್‌ನ ಗ್ರೀಕ್ ಶಾಲೇಲಿ. ಅಂಥ ಒಂದು ಲೋಕವೇ ಹತ್ತು ಹದಿನೈದು ವರ್ಷದಲ್ಲಿ ಖಾಲಿ ಆಯ್ತು. 1925ರಲ್ಲಿ ಪೆಟ್ರಿಚ್ ಹತ್ರ ಗಡೀಲಿ ಒಬ್ಬ ಗ್ರೀಕ್ ಸೈನಿಕ ಸತ್ತು ಎರಡೂ ದೇಶ ಮತ್ತೆ ಗುಂಡು ಹಾರಿಸ್ಕೊಂಡ್ವು, ಅವನು ಓಡಿಹೋದ ತನ್ನ ನಾಯಿ ಹಿಡಿಯೋಕೆ ಗಡಿ ದಾಟಿದ್ದ ಅಂತ ಜನ ಹೇಳ್ತಾರೆ, ಕೊನೆಗೆ ಲೀಗ್ ಆಫ್ ನೇಷನ್ಸ್ ಗ್ರೀಸ್‌ಗೆ 45,000 ಪೌಂಡ್ ದಂಡ ಹಾಕ್ತು. 1941ರಿಂದ 1944ರ ತನಕ ಬಲ್ಗೇರಿಯಾ ಗ್ರೀಸ್‌ನ ಪೂರ್ವ ಮ್ಯಾಸಿಡೋನಿಯಾ, ಥ್ರೇಸ್ ಆಕ್ರಮಿಸ್ಕೊಂಡು ದ್ರಾಮಾ ಸುತ್ತಮುತ್ತ ಮಾಡಿದ ಕೊಲೆಗಳನ್ನ ಗ್ರೀಕ್ ಹಳ್ಳಿಗಳು ಇನ್ನೂ ಮರೆತಿಲ್ಲ, ಮರೀಬೇಕು ಅಂತ ಹೇಳೋಕೆ ನಾನ್ಯಾರು.

ಇಷ್ಟೆಲ್ಲಾ ಆದ್ರೂ ಕುಣಿತ ನೋಡಿದ್ರೆ ನಗು ಬರತ್ತೆ. ಬಲ್ಗೇರಿಯಾದ ರೂಚೆನಿತ್ಸಾ ಏಳು ಮಾತ್ರೆಯದ್ದು, ಎರಡು-ಎರಡು-ಮೂರು. ಗ್ರೀಕ್ ಥ್ರೇಸ್‌ನ ಮಂದಿಲಾತೋಸ್ ಕೂಡ ಏಳು, ಎರಡು-ಎರಡು-ಮೂರು, ಎರಡರಲ್ಲೂ ಕೈಯಲ್ಲಿ ಕರ್ಚೀಫು. ದಕ್ಷಿಣ ಗ್ರೀಸ್‌ನ ಕಲಾಮತಿಯಾನೋಸ್ ಕೂಡ ಏಳೇ, ಆದ್ರೆ ಅಲ್ಲಿ ಮೂರು ಮೊದ್ಲು ಬರತ್ತೆ, ಅಂದ್ರೆ ಲಯದ ವಿಷ್ಯದಲ್ಲಿ ಥ್ರೇಸ್‌ನ ಗ್ರೀಕನಿಗೆ ತನ್ನ ಜನಾಂಗದ ದಕ್ಷಿಣದವನಿಗಿಂತ ಬಲ್ಗೇರಿಯನ್ ನೆರೆಯವನೇ ಹತ್ರ. ಐದು ಮಾತ್ರೆಯ ಕುಂಟು ಕುಣಿತಕ್ಕೆ ಬಲ್ಗೇರಿಯಾದಲ್ಲಿ ಪೈದುಷ್ಕೊ, ಗ್ರೀಸ್‌ನಲ್ಲಿ ಬೈದೂಸ್ಕಾ. ನಂಗೆ ಈ ಲಯಗಳನ್ನ ಕೈಯಲ್ಲಿ ತಟ್ಟೋಕೆ ಬಂದ್ರೂ ಕಾಲಿಗೆ ಇನ್ನೂ ಬಂದಿಲ್ಲ. ಮಾರ್ಚ್ 1ಕ್ಕೆ ಇಬ್ರೂ ಕೈಗೆ ಕೆಂಪು ಬಿಳಿ ದಾರ ಕಟ್ಕೊಳ್ತಾರೆ, ಕೊಕ್ಕರೆನೋ ಸ್ವಾಲೋ ಹಕ್ಕಿನೋ ಕಂಡಾಗ ಬಿಚ್ತಾರೆ. ಜನವರಿ 6ಕ್ಕೆ ಪಾದ್ರಿ ನೀರಿಗೆ ಶಿಲುಬೆ ಎಸೀತಾನೆ, ಹುಡುಗ್ರು ಚಳೀಲಿ ಹಾರಿ ತರ್ತಾರೆ. ಚೀಸ್ ಬಗ್ಗೆ ಮಾತಾಡೋದೇ ಬೇಡ, ಫೆಟಾ ಅನ್ನೋ ಹೆಸರನ್ನ ಯುರೋಪಿಯನ್ ಯೂನಿಯನ್ 2002ರಲ್ಲಿ ಗ್ರೀಸ್‌ಗೆ ಬರೆದುಕೊಟ್ಟಿದೆ, ಬಲ್ಗೇರಿಯನ್ನರು ತಮ್ಮದನ್ನ ಸಿರೆನೆ ಅಂತಾರೆ, ಅದೇ ಒಳ್ಳೇದು ಅಂತಾನೂ ಅಂತಾರೆ.

ರಕ್ತದ ವಿಷಯ ಕೇಳೋರು ಇದ್ದೇ ಇರ್ತಾರೆ. 1830ರಲ್ಲಿ ಫಾಲ್‌ಮೆರಾಯರ್ ಅನ್ನೋ ಇತಿಹಾಸಕಾರ ಇವತ್ತಿನ ಗ್ರೀಕರಲ್ಲಿ ಹಳೇ ಗ್ರೀಕ್ ರಕ್ತ ಒಂದು ಹನಿನೂ ಇಲ್ಲ, ಎಲ್ಲಾ ಸ್ಲಾವರು ಅಲ್ಬೇನಿಯನ್ನರು ಅಂದು ಅಥೆನ್ಸ್‌ನಲ್ಲಿ ದೊಡ್ಡ ರಂಪ ಎಬ್ಬಿಸಿದ. ಈಗಿನ ಡಿಎನ್‌ಎ ಅಧ್ಯಯನಗಳು ಅವನ ಮಾತನ್ನ ಒಪ್ಪಲ್ಲ, ಹಾಗಂತ ಶುದ್ಧ ರಕ್ತದವ್ರನ್ನೂ ಒಪ್ಪಲ್ಲ. ಇಬ್ರಲ್ಲೂ ಹಳೇ ಬಾಲ್ಕನ್ ಜನರ ಪಾಲೂ ಇದೆ, ಮಧ್ಯಯುಗದ ಸ್ಲಾವರ ಪಾಲೂ ಇದೆ, ಉತ್ತರದಿಂದ ದಕ್ಷಿಣಕ್ಕೆ ಬಂದ ಹಾಗೆ ಎರಡನೇದು ಕಮ್ಮಿ ಆಗ್ತಾ ಹೋಗತ್ತೆ, ಗಡೀಲಿ ಏನೂ ಗಕ್ಕಂತ ಬದಲಾಗಲ್ಲ.

ಗಡಿನೇ ಈಗ ತೆಳ್ಳಗಾಗಿದೆ ಬಿಡಿ. 2025ರ ಜನವರಿ 1ಕ್ಕೆ ಬಲ್ಗೇರಿಯಾ ಪೂರ್ತಿಯಾಗಿ ಶೆಂಗೆನ್ (ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಕೂಟ) ಒಳಗೆ ಬಂತು, ಗ್ರೀಸ್ ಗಡಿಯ ಕುಲಾಟಾ ಗೇಟಲ್ಲಿ ಪಾಸ್‌ಪೋರ್ಟ್ ತೋರಿಸೋ ಕೆಲ್ಸ ತಪ್ತು, 2026ಕ್ಕೆ ಕರೆನ್ಸಿನೂ ಯೂರೋ ಆಯ್ತು. ಬೇಸಿಗೇಲಿ ಸೋಫಿಯಾದ ಕಾರುಗಳು ಕವಾಲಾ, ಥಾಸೋಸ್, ಹಲ್ಕಿದಿಕಿ ಬೀಚುಗಳಿಗೆ ಇಳೀತಾವೆ, ಚಳಿಗಾಲದಲ್ಲಿ ಗ್ರೀಕರು ಬಾನ್‌ಸ್ಕೊಗೆ ಸ್ಕೀಯಿಂಗ್‌ಗೆ ಹತ್ತುತಾರೆ, ಟ್ಯಾಕ್ಸ್ ಕಮ್ಮಿ ಅಂತ ಗ್ರೀಕ್ ಬಿಸಿನೆಸ್‌ಗಳು ಎಷ್ಟೋ ಪೆಟ್ರಿಚ್, ಸಾಂದಾನ್‌ಸ್ಕಿ ಕಡೆ ಶಿಫ್ಟ್ ಆಗಿವೆ.

ಯಾವ ಖಾನೆಗೂ ಸೇರದೆ ಉಳಿದವ್ರೂ ಇದಾರೆ. ಕರಕಚಾನಿ ಅಂತ, ಗ್ರೀಕರು ಸರಕತ್ಸಾನಿ ಅಂತಾರೆ, ಗ್ರೀಕ್ ಮಾತಾಡೋ ಕುರಿಗಾಹಿಗಳು. ಬೇಸಿಗೆಗೆ ಬಲ್ಗೇರಿಯಾದ ಬೆಟ್ಟ, ಚಳಿಗೆ ಏಜಿಯನ್ ತೀರದ ಬಯಲು, ಹೀಗೆ ಓಡಾಡ್ಕೊಂಡಿದ್ದವ್ರು. ಗಡಿಗಳು ಗಟ್ಟಿಯಾದ್ಮೇಲೆ ಕೆಲವ್ರು ಆ ಕಡೆ ಕೆಲವ್ರು ಈ ಕಡೆ ಸಿಕ್ಕಾಕೊಂಡ್ರು, ಬಲ್ಗೇರಿಯಾದಲ್ಲಿದ್ದವ್ರ ಕುರಿಗಳನ್ನ ಕಮ್ಯುನಿಸ್ಟ್ ಸರ್ಕಾರ ಸಹಕಾರಿ ಫಾರ್ಮ್‌ಗಳಿಗೆ ಎಳ್ಕೊಂಡಿತು, ಅವ್ರು ಸ್ಲಿವೆನ್, ಕೊತೆಲ್ ಸುತ್ತ ಮನೆ ಮಾಡ್ಕೊಂಡು ಕೂತ್ರು. ಗ್ರೀಕ್ ವಿದ್ವಾಂಸರಲ್ಲಿ ಕೆಲವ್ರು ಇವ್ರೇ ಅತೀ ಶುದ್ಧ ಗ್ರೀಕರು ಅಂತ ಬರೆದ್ರು, ಬಲ್ಗೇರಿಯಾದಲ್ಲಿ ಕೆಲವ್ರು ಇಲ್ಲ ಇಲ್ಲ, ಗ್ರೀಕ್ ಕಲಿತ ಥ್ರೇಸಿಯನ್ನರು ಅಂದ್ರು. 1990ರ ನಂತರ ಇವರಲ್ಲಿ ಸುಮಾರು ಜನ ಗ್ರೀಸ್‌ಗೆ ಕೆಲಸಕ್ಕೆ ಹೋಗ್ತಾ ಬರ್ತಾ ಇದಾರೆ, ಭಾಷೆ ಹೇಗೂ ಬರತ್ತೆ. ಇವರ ಕುರಿ ಕಾಯೋ ದೊಡ್ಡ ನಾಯಿ ಬಲ್ಗೇರಿಯಾದಲ್ಲಿ ಕರಕಚಾನ್ ತಳಿ ಅಂತ ಹೆಸರುವಾಸಿ, ಗ್ರೀಸ್‌ನಲ್ಲಿ ಹೆಚ್ಚುಕಮ್ಮಿ ಅದೇ ಥರದ ನಾಯಿ ಗ್ರೀಕ್ ಕುರುಬ ನಾಯಿ, ಈಗ ನಾಯಿ ಸಾಕೋರು ಯಾವುದು ಮೂಲ ಅಂತ ವಾದ ಮಾಡ್ತಿದಾರೆ.